ತಾಂತ್ರಿಕ ಪುಸ್ತಕಗಳಲ್ಲಿ ಇಷ್ಟೊಂದು ತಪ್ಪು ಯಾಕೆ? ಅಡಿಕೆ ರೋಗದ ಕೈಪಿಡಿ ಅಚ್ಚು ಹಾಕಿಸುವಾಗ ಏನೇನು ನೋಡ್ಕೋಬೇಕು?

ಪ್ರಶ್ನೆ: ತೋಟದಬಾಗಿಲು (ತೀರ್ಥಹಳ್ಳಿ)

ನಮಸ್ಕಾರ. ಕೃಷಿ, ಪಂಪ್‌ಸೆಟ್ ರಿಪೇರಿ, ಮನೆ ವೈರಿಂಗ್ ಇಂಥ ವಿಷಯಗಳ ಮೇಲೆ ಕನ್ನಡದಲ್ಲಿ ಪುಸ್ತಕಗಳು ಬರ್ತಾನೇ ಇವೆ. ಆದರೆ ನಂಬಿ ಕೆಲಸಕ್ಕೆ ಇಳಿಯೋ ಹಾಗಿಲ್ಲ. ನಮ್ಮ ಬೆಳೆಗಾರರ ನಡುವೆ ಓಡಾಡ್ತಿರೋ ಒಂದು ಅಡಿಕೆ ಪುಸ್ತಕದಲ್ಲಿ ಕೊಳೆರೋಗಕ್ಕೆ ಸಿಂಪಡಿಸೋ ಶೇ. 1ರ ಬೋರ್ಡೋ ದ್ರಾವಣಕ್ಕೆ ಮೈಲುತುತ್ತ (ತಾಮ್ರದ ಸಲ್ಫೇಟ್) 1 ಕೆಜಿ, ಸುಣ್ಣ 100 ಗ್ರಾಂ, ನೀರು 100 ಲೀಟರ್ ಅಂತ ಅಚ್ಚಾಗಿದೆ. ಅದೇ ಪುಸ್ತಕದ ಕೊನೆಯ ಕೋಷ್ಟಕದಲ್ಲಿ ಮೈಲುತುತ್ತ, ಸುಣ್ಣ ಎರಡೂ 1 ಕೆಜಿ ಅಂತಿದೆ. ಹೊಸಬರು ಯಾವ ಪುಟ ನಂಬಬೇಕು? ಹಳದಿ ಎಲೆ ರೋಗ, ಎಲೆಚುಕ್ಕೆ ರೋಗದ ಫೋಟೋಗಳು ಕಪ್ಪು ಬಿಳುಪಿನಲ್ಲಿ ಅಚ್ಚಾಗಿ ಎರಡೂ ಒಂದೇ ಥರ ಕಾಣ್ತವೆ. ಒಂದು ಮಳೆಗಾಲ ಕಳೆಯೋದ್ರೊಳಗೆ ಹಾಳೆ ಕಿತ್ತು ಕೈಗೆ ಬಂದಿವೆ.

ಈಗ ನಾವೇ ಬೆಳೆಗಾರರು ಸೇರಿ ಒಂದು ಕೈಪಿಡಿ ತರ್ತಾ ಇದ್ದೀವಿ. ಡೆಮಿ 1/8, ಸುಮಾರು 160 ಪುಟ, 1000 ಪ್ರತಿ. ಜೂನ್ ಮಳೆ ಹಿಡಿಯೋ ಮುಂಚೆ ಜನರ ಕೈ ಸೇರಬೇಕು. ಹಸ್ತಪ್ರತಿ ಯೂನಿಕೋಡ್‌ನಲ್ಲಿ (ಈಗಿನ ಮೊಬೈಲ್, ಕಂಪ್ಯೂಟರ್‌ಗಳು ಓದೋ ಅಕ್ಷರ ವ್ಯವಸ್ಥೆ) ಟೈಪ್ ಆಗಿದೆ. ನನ್ನ ಪ್ರಶ್ನೆ ಇಷ್ಟು: ತಪ್ಪು ಯಾವ ಹಂತದಲ್ಲಿ ನುಸುಳುತ್ತೆ? ಪ್ರೆಸ್ಸಿನವರ ಹತ್ರ ಮೊದಲೇ ಏನೇನು ಬರೆಸ್ಕೋಬೇಕು? ಅಳತೆ, ಪ್ರಮಾಣಗಳನ್ನ ಯಾರು, ಹೇಗೆ ನೋಡಬೇಕು?

ಉತ್ತರ 1: ಅಕ್ಷರಜೋಡಣೆ (ಶಿವಮೊಗ್ಗ)

ಮೊದಲ ಅಪಾಯ ಡಿಟಿಪಿ (ಕಂಪ್ಯೂಟರಿನಲ್ಲಿ ಪುಟ ಜೋಡಿಸೋ) ಮೇಜಿನ ಮೇಲೇ ಇದೆ ಸರ್. ನಮ್ಮ ಕಡೆ ಇನ್ನೂ ಎಷ್ಟೋ ಕಡೆ ಪುಟ ಕಟ್ಟೋದು ಪೇಜ್‌ಮೇಕರ್‌ನಲ್ಲಿ. ಅದರ ಕೊನೆಯ ಆವೃತ್ತಿ 7.0 ಬಂದಿದ್ದು 2001ರಲ್ಲಿ, ಅದಕ್ಕೆ ಕನ್ನಡ ಯೂನಿಕೋಡ್ ಬರಲ್ಲ. ಹಾಗಾಗಿ ನೀವು ಕೊಟ್ಟ ಯೂನಿಕೋಡ್ ಫೈಲನ್ನ ಹಳೇ ನುಡಿ ಅಥವಾ ಶ್ರೀಲಿಪಿ ಫಾಂಟಿಗೆ ಕನ್ವರ್ಟ್ ಮಾಡ್ತಾರೆ. ಕನ್ನಡ ಅಕ್ಷರ ಬಹುಪಾಲು ಸರಿಯಾಗೇ ಬರುತ್ತೆ. ಕೆಡೋದು ಚಿಹ್ನೆಗಳು, ಇಂಗ್ಲಿಷ್ ಅಕ್ಷರಗಳು. ತಾಂತ್ರಿಕ ಪುಸ್ತಕಕ್ಕೆ ಅವೇ ಜೀವಾಳ.

ಯಾಕೆ ಕೆಡುತ್ತೆ ಅಂದ್ರೆ, ಹಳೇ ನುಡಿ ಫಾಂಟಿನಲ್ಲಿ ಕನ್ನಡದ ತುಂಡುಗಳನ್ನ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಜಾಗದಲ್ಲೇ ಕೂರಿಸಿದಾರೆ. ಡಿಗ್ರಿ ಚಿಹ್ನೆ ° ಇರೋ ಜಾಗದಲ್ಲಿ 'ಲಿ' ಇದೆ. ಅರ್ಧದ ಚಿಹ್ನೆ ½ ಜಾಗದಲ್ಲಿ 'ಳಿ'. ವರ್ಗದ ² ಜಾಗದಲ್ಲಿ 'ಶಿ'. ಕನ್ವರ್ಟರ್ ಈ ಚಿಹ್ನೆಗಳನ್ನ ಮುಟ್ಟದೆ ಬಿಟ್ಟು, ಆಮೇಲೆ ಇಡೀ ಪ್ಯಾರಾಕ್ಕೆ ನುಡಿ ಫಾಂಟ್ ಹಾಕಿದ್ರೆ 25° ಹೋಗಿ '25ಲಿ' ಆಗುತ್ತೆ, 'ಮೀ²' ಹೋಗಿ 'ಮೀಶಿ' ಆಗುತ್ತೆ. ಔಷಧಿ ಹೆಸರಿನ ಮುಂದೆ ಇಂಗ್ಲಿಷಿನಲ್ಲಿ ಬರೆದ 'ಇಸಿ' (EC, ನೀರಿನಲ್ಲಿ ಬೆರೆಯೋ ಎಣ್ಣೆ ರೂಪದ ಔಷಧಿ ಅನ್ನೋ ಗುರುತು) ಅನ್ನೋ ಎರಡಕ್ಷರ 'ಇಅ' ಆಗುತ್ತೆ. ಕರಡು ತಿದ್ದುವವರು ವಿಷಯ ಬಲ್ಲವರಾಗದಿದ್ದರೆ ಇದೇನೋ ಕಸ ಅಂತ ಅಳಿಸಿಬಿಡ್ತಾರೆ. ಅಲ್ಲಿಗೆ ಅರ್ಧ ಲೀಟರ್ ಮಾಯ, ಮತ್ತೆ ಹುಡುಕಿದರೂ ಸಿಗಲ್ಲ. ಅಳಿಸದೆ ಉಳಿದ ತಪ್ಪೇ ವಾಸಿ, ಕಣ್ಣಿಗಾದರೂ ಬೀಳುತ್ತೆ.

ಪರಿಹಾರ ಒಂದೇ: ಮೊದಲಿಂದ ಕೊನೇವರೆಗೂ ಯೂನಿಕೋಡ್ ಬಿಡಬೇಡಿ. ಇನ್‌ಡಿಸೈನ್ ಅನ್ನೋ ಪುಟ ಕಟ್ಟುವ ತಂತ್ರಾಂಶ ಇರೋ ಕಡೆ ಕೊಡಿ. ಅದರಲ್ಲಿ ಪ್ಯಾರಾಗ್ರಾಫ್ ಸೆಟ್ಟಿಂಗಿಗೆ ಹೋಗಿ 'ವರ್ಲ್ಡ್ ರೆಡಿ' ಕಂಪೋಸರ್ ಆರಿಸ್ಲೇಬೇಕು, ಇಲ್ಲಾಂದ್ರೆ ಒತ್ತಕ್ಷರ ಬಿಚ್ಚಿಕೊಂಡು ಬೀಳುತ್ತೆ. ಫಾಂಟಿಗೆ ನೋಟೋ ಸೆರಿಫ್ ಕನ್ನಡ ಸಾಕು, ಉಚಿತವಾಗಿ ಸಿಗುತ್ತೆ. 11 ಪಾಯಿಂಟ್ ಅಕ್ಷರಕ್ಕೆ 16 ಪಾಯಿಂಟ್ ಸಾಲಿನ ಅಂತರ ಕೊಡಿ. ಪುಟ ಉಳಿಸೋಕೆ ಅಂತರ 13ಕ್ಕೆ ಇಳಿಸಿದ್ರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತೆ.

ಇನ್ನೆರಡು ಕೆಲಸ. ಅಂಕಿ ಮತ್ತು ಅದರ ಮಾನದ ನಡುವೆ ಸಾಲು ಒಡೆಯದ ಸ್ಪೇಸ್ ಹಾಕಿಸಿ. '2.5' ಒಂದು ಸಾಲಿನ ತುದಿಯಲ್ಲಿ, 'ಮಿ.ಲೀ.' ಮುಂದಿನ ಪುಟದಲ್ಲಿ ಆದ್ರೆ ತೋಟದಲ್ಲಿ ನಿಂತು ಓದೋನಿಗೆ ತಪ್ಪು ಗ್ಯಾರಂಟಿ. ಎರಡನೇದು, ಇನ್‌ಡಿಸೈನ್‌ನ ಗ್ರೆಪ್ ಸ್ಟೈಲ್‌ನಲ್ಲಿ (ಒಂದೇ ಬಗೆಯ ಅಕ್ಷರಗಳನ್ನ ತಾನೇ ಹುಡುಕಿ ರೂಪ ಕೊಡೋ ಸೌಲಭ್ಯ) ಎಲ್ಲಾ ಅಂಕಿಗಳಿಗೂ ಕೆಂಪು ಬಣ್ಣ ಕೊಟ್ಟು ಒಂದು ಕರಡು ತೆಗೆಸಿ. ಆ ಕರಡಿನಲ್ಲಿ ಕೆಂಪು ಮಾತ್ರ ಓದಿ, ಬೇರೇನೂ ಓದಬೇಡಿ. ಪ್ಲೇಟಿಗೆ ಕಳಿಸೋ ಮುಂಚೆ ಆ ಬಣ್ಣ ತೆಗೆಸಿ. ಪಠ್ಯ ಎಲ್ಲಾ ಬರೀ ಕಪ್ಪು ಇಂಕಿನಲ್ಲೇ ಇದೆಯಾ ಅಂತ ಪಿಡಿಎಫ್‌ನ ಔಟ್‌ಪುಟ್ ಪ್ರಿವ್ಯೂನಲ್ಲಿ ನೋಡಿ. ಬಣ್ಣದ ಪುಟಗಳಲ್ಲಿ ವರ್ಡ್‌ನಿಂದ ಬಂದ ಕಪ್ಪು ನಾಲ್ಕು ಬಣ್ಣ ಸೇರಿದ ಕಪ್ಪಾಗಿರುತ್ತೆ. ಪ್ಲೇಟ್ ಕೂದಲೆಳೆಯಷ್ಟು ಸರಿದ್ರೂ ಅಕ್ಷರ ಮಸುಕಾಗುತ್ತೆ.

ಫೋಟೋ ವಿಷಯ: ಅಚ್ಚಾಗೋ ಅಳತೆಯಲ್ಲಿ ಇಂಚಿಗೆ 300 ಪಿಕ್ಸೆಲ್ ಬೇಕು. 4 ಇಂಚು ಅಗಲಕ್ಕೆ 1200 ಪಿಕ್ಸೆಲ್. ವಾಟ್ಸಾಪ್‌ನಲ್ಲಿ ಫೋಟೋ ಆಗಿ ಕಳಿಸಿದ್ದು ಕುಗ್ಗಿರುತ್ತೆ, ಡಾಕ್ಯುಮೆಂಟ್ ಆಗಿ ಕಳಿಸೋಕೆ ಹೇಳಿ. ರೇಖಾಚಿತ್ರವನ್ನ ಫೋಟೋ ಹೊಡೆದು ಕೊಡಬೇಡಿ. ವೆಕ್ಟರ್‌ನಲ್ಲಿ (ಎಷ್ಟು ಹಿಗ್ಗಿಸಿದ್ರೂ ಮಸುಕಾಗದ ಗೆರೆಚಿತ್ರ) ಬರೆಸಿ, ಇಲ್ಲಾ 1200 ಡಿಪಿಐಗೆ ಸ್ಕ್ಯಾನ್ ಮಾಡಿಸಿ.

ಉತ್ತರ 2: ಸಸ್ಯರೋಗ ಓದುಗ (ನವುಲೆ)

ನೀವು ಹೇಳಿದ ಸುಣ್ಣದ ತಪ್ಪು ಸಣ್ಣದಲ್ಲ. ಸುಣ್ಣ ಕಮ್ಮಿಯಾದರೆ ದ್ರಾವಣದಲ್ಲಿ ಬಿಡಿ ತಾಮ್ರ ಉಳಿಯುತ್ತದೆ, ಎಳೆಕಾಯಿ ಮತ್ತು ಹಿಂಗಾರ (ಅಡಿಕೆಯ ಹೂಗೊನೆ) ಸುಡುತ್ತವೆ. ಸರಿಯಾದ ಪಾಠದಲ್ಲಿ ಇರಬೇಕಾದ್ದು ಇಷ್ಟು: 1 ಕೆಜಿ ಮೈಲುತುತ್ತವನ್ನು 50 ಲೀಟರ್ ನೀರಿನಲ್ಲಿ, 1 ಕೆಜಿ ಒಳ್ಳೆಯ ಸುಣ್ಣವನ್ನು ಇನ್ನೊಂದು 50 ಲೀಟರ್ ನೀರಿನಲ್ಲಿ ಬೇರೆ ಬೇರೆ ಕರಗಿಸಬೇಕು. ಪಾತ್ರೆ ಪ್ಲಾಸ್ಟಿಕ್ಕಿನದೋ ಮಣ್ಣಿನದೋ ಮರದ್ದೋ ಆಗಬೇಕು, ಕಬ್ಬಿಣ ಕೂಡದು. ತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಸುರಿಯುತ್ತಾ ಕಲಕಬೇಕು. ಉಲ್ಟಾ ಸುರಿದರೆ ಕಣಗಳು ದಪ್ಪವಾಗಿ ಬೇಗ ತಳ ಹಿಡಿಯುತ್ತವೆ, ನಾಜಲ್ ಕಟ್ಟುತ್ತದೆ. ಹೊಳೆಯುವ ಕಬ್ಬಿಣದ ಚೂರಿಯನ್ನು ಅದ್ದಿ ನೋಡಿದಾಗ ಕೆಂಪು ಲೇಪ ಕಂಡರೆ ಬಿಡಿ ತಾಮ್ರ ಇದೆ ಎಂದರ್ಥ. ಲೇಪ ಕಾಣದಾಗುವವರೆಗೆ ಸುಣ್ಣದ ತಿಳಿ ಸೇರಿಸಬೇಕು. ಮಾಡಿದ ದಿನವೇ ಸಿಂಪಡಿಸಿ ಮುಗಿಸಬೇಕು.

ಈಗ ಗಮನಿಸಿ, ಇಷ್ಟರಲ್ಲಿ ನಾಲ್ಕು ಅಂಕಿಗಳೂ ಒಂದು ದಿಕ್ಕೂ ಇವೆ. 'ತುತ್ತವನ್ನು ಸುಣ್ಣಕ್ಕೆ' ಎಂಬುದನ್ನು ಭಾಷೆ ಚೆಂದ ಮಾಡುವ ಸಂಪಾದಕರು 'ಎರಡನ್ನೂ ಬೆರೆಸಿ' ಎಂದು ತಿದ್ದಿದರೆ ವ್ಯಾಕರಣ ಸರಿಯಿದೆ, ಪಾಠ ಸತ್ತಿದೆ. ಕನ್ನಡದ ಕೃಷಿ ಪುಸ್ತಕಗಳಲ್ಲಿ ನಾನು ಕಾಣುವ ದೊಡ್ಡ ಕೊರತೆ ಇದೇ. ಭಾಷೆ ತಿದ್ದುವವರು ಒಬ್ಬರಾದರೂ ಇರುತ್ತಾರೆ, ವಿಷಯ ತಿದ್ದುವವರು ಇರುವುದೇ ಇಲ್ಲ. ತಿದ್ದಿದ ಪ್ರತಿ ಲೇಖಕರಿಗೆ ಮರಳಿ ಹೋಗುವುದೂ ಇಲ್ಲ.

ನಿಮ್ಮ ಕೈಪಿಡಿಗೆ ಒಂದು ಪ್ರತ್ಯೇಕ ಕೋಷ್ಟಕ ಮಾಡಿಕೊಳ್ಳಿ. ಪುಸ್ತಕದಲ್ಲಿ ಎಲ್ಲೆಲ್ಲಿ ಪ್ರಮಾಣ ಬರುತ್ತದೋ ಅವೆಲ್ಲ ಅದರಲ್ಲಿ ಸೇರಲಿ: ಪುಟ, ರೋಗ, ಔಷಧಿ, ಅದರ ಶಕ್ತಿ, ಲೀಟರಿಗೆ ಎಷ್ಟು, ಯಾವ ಆಧಾರದ ಮೇಲೆ. ಶಕ್ತಿ ಬರೆಯದ ಪ್ರಮಾಣಕ್ಕೆ ಅರ್ಥವಿಲ್ಲ. 'ಪ್ರೊಪಿಕೊನಜೋಲ್ 1 ಮಿ.ಲೀ.' ಎಂದರೆ ಸಾಲದು, 'ಪ್ರೊಪಿಕೊನಜೋಲ್ 25 ಇಸಿ, ಲೀಟರಿಗೆ 1 ಮಿ.ಲೀ.' ಎಂದಿರಬೇಕು. ಆಧಾರದ ಕಾಲಂ ಖಾಲಿ ಉಳಿದ ಸಾಲನ್ನು ಪುಸ್ತಕದಿಂದ ತೆಗೆಯಿರಿ. ಆಧಾರ ಎಂದರೆ ಕಾಸರಗೋಡಿನ ಕೇಂದ್ರ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐ ಅಥವಾ ನಮ್ಮ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯದ ಈಗಿನ ಶಿಫಾರಸು, ಜೊತೆಗೆ ಡಬ್ಬಿಯ ಲೇಬಲ್. ಇನ್ನೊಂದು ಪುಸ್ತಕ ಆಧಾರವಲ್ಲ. ಒಂದರ ತಪ್ಪು ಹತ್ತಕ್ಕೆ ಹಬ್ಬುವುದು ಹಾಗೆಯೇ.

ಹಳೆಯ ಪಠ್ಯವನ್ನು ಹಾಗೇ ಎತ್ತಿ ಮರುಮುದ್ರಣ ಮಾಡುವುದರಲ್ಲಿ ಇನ್ನೂ ದೊಡ್ಡ ಅಪಾಯವಿದೆ. ಬೇರುಹುಳಕ್ಕೆ ಫೋರೇಟ್ ಗುಳಿಗೆ ಹಾಕಿ ಎಂದು ಹಳೆಯ ಪುಸ್ತಕಗಳಲ್ಲಿ ಸಾಮಾನ್ಯವಾಗಿ ಇರುತ್ತದೆ. ಫೋರೇಟ್ 2020ರ ಡಿಸೆಂಬರ್ 31ರಿಂದ ದೇಶದಲ್ಲಿ ನಿಷೇಧವಾಗಿದೆ. ಎಂಡೋಸಲ್ಫಾನ್ 2011ರಲ್ಲೇ ಸುಪ್ರೀಂ ಕೋರ್ಟ್ ಆದೇಶದಿಂದ ನಿಂತಿತು. ಪುಸ್ತಕದ ಮೇಲೆ 'ಹೊಸ ಮುದ್ರಣ' ಎಂದು ಈ ವರ್ಷ ಹಾಕಿ ಒಳಗೆ ಇವನ್ನು ಉಳಿಸಿದರೆ ಓದುಗರಿಗೆ ಮೋಸ. ಕೇಂದ್ರ ಕೀಟನಾಶಕ ಮಂಡಳಿಯ ನಿಷೇಧಿತ ಪಟ್ಟಿಯನ್ನು ಅಚ್ಚಿಗೆ ಹೋಗುವ ವಾರ ಮತ್ತೊಮ್ಮೆ ನೋಡಿ.

ಫೋಟೋ ಬಗ್ಗೆ: ಹಳದಿ ಎಲೆ ರೋಗದಲ್ಲಿ ಸೋಗೆಯ ಎಲೆಗಳು ತುದಿಯಿಂದ ಹಳದಿಯಾಗುತ್ತಾ ಬರುತ್ತವೆ, ನಡುನರದ ಪಕ್ಕ ಹಸಿರು ಉಳಿದಿರುತ್ತದೆ. ಎಲೆಚುಕ್ಕೆಯಲ್ಲಿ ಕಂದು ಚುಕ್ಕೆ, ಅದರ ಸುತ್ತ ಹಳದಿ ಅಂಚು. ವ್ಯತ್ಯಾಸ ಇರುವುದೇ ಬಣ್ಣದಲ್ಲಿ. ಬೂದು ಬಣ್ಣದಲ್ಲಿ ಎರಡೂ ಮಸಿಯೇ. ಇಡೀ ಪುಸ್ತಕ ಬಣ್ಣದಲ್ಲಿ ಬೇಡ, ರೋಗದ ಚಿತ್ರಗಳನ್ನೆಲ್ಲ ಒಂದು ಬಣ್ಣದ ಭಾಗಕ್ಕೆ ಸೇರಿಸಿ. ಪ್ರತಿ ಚಿತ್ರಕ್ಕೂ ಸಂಖ್ಯೆ ಕೊಟ್ಟು, ಫೈಲಿನ ಹೆಸರಿನಲ್ಲೂ ಅದೇ ಸಂಖ್ಯೆ ಇಡಿ. ಅಡಿಬರಹ ಅದಲು ಬದಲಾಗುವುದು ಫೈಲುಗಳಿಗೆ ಕ್ಯಾಮೆರಾ ಕೊಟ್ಟ ಹೆಸರೇ ಇದ್ದಾಗ.

ಉತ್ತರ 3: ಹೊಲಿಗೆದಾರ (ಸಾಗರ)

ಹಾಳೆ ಕಿತ್ತು ಬರೋದಕ್ಕೆ ಕಾರಣ ಹೇಳ್ತೀನಿ. ಈಗ ಬಹುತೇಕ ಪುಸ್ತಕ ಪರ್ಫೆಕ್ಟ್ ಬೈಂಡಿಂಗ್. ಮಡಚಿದ ಫಾರಂಗಳ (ಒಟ್ಟಿಗೆ ಅಚ್ಚಾಗಿ ಮಡಚಿದ ಪುಟಗಳ ಕಟ್ಟು) ಬೆನ್ನನ್ನ ಮಿಷನ್ ಕತ್ತರಿಸಿ, ಒರಟು ಮಾಡಿ, ಬಿಸಿ ಗೋಂದು ಬಳಿದು ಕವರ್ ಅಂಟಿಸುತ್ತೆ. ಗೋಂದು ಸಾಮಾನ್ಯವಾಗಿ 160ರಿಂದ 180 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕೆಲಸ ಮಾಡ್ಬೇಕು. ಕಮ್ಮಿ ಬಿಸಿಯಾದ್ರೆ ಕಾಗದದ ಒಳಗೆ ಇಳಿಯಲ್ಲ. ಇಡೀ ದಿನ ಕಾದು ಕಾದು ಕರಿದಾದ ಗೋಂದು ಹಾಕಿದ್ರೆ ಗಟ್ಟಿಯಾಗಿ ಬಿರುಕು ಬಿಡುತ್ತೆ. ಮೇಜಿನ ಮೇಲೆ ಮಗುಚಿ ಹಾಕಿ ಓದೋ ಪುಸ್ತಕ ಇಂಥ ಬೈಂಡಿಂಗಿಗೆ ತಡೆಯಲ್ಲ.

ಕೈಪಿಡಿ ಅಂದ್ರೆ ಹೊಲಿಗೆ ಬೈಂಡಿಂಗೇ ಕೇಳಿ. 160 ಪುಟ ಅಂದ್ರೆ 16 ಪುಟದ 10 ಫಾರಂ. ಪ್ರತಿ ಫಾರಂನ ಮಡಿಕೆಯ ಒಳಗಿಂದ ದಾರ ಹಾಯಬೇಕು, ಬೆನ್ನಿಗೆ ಜಾಳು ಬಟ್ಟೆ ಅಂಟಿಸಬೇಕು. ಕೆಲವರು 'ಹೊಲಿಗೆ' ಅಂತ ಹೇಳಿ ಪಕ್ಕದಿಂದ ತೂತು ಹೊಡೆದು ದಾರ ಹಾಕ್ತಾರೆ. ಅದು ಗಟ್ಟಿ, ಆದರೆ ಪುಸ್ತಕ ಪೂರ್ತಿ ತೆರೆಯಲ್ಲ, ಒಳ ಅಂಚಿನ ಅಂಕಿ ಮುಚ್ಚಿಹೋಗುತ್ತೆ. ಕೊಟೇಶನ್ನಿನಲ್ಲಿ 'ಫಾರಂ ಮಡಿಕೆಯಲ್ಲಿ ದಾರದ ಹೊಲಿಗೆ' ಅಂತ ಬಿಡಿಸಿ ಬರೆಸಿ. ಪಿನ್ ಹೊಡೆದಿದ್ದು ಬೇಡವೇ ಬೇಡ. ಆಗುಂಬೆ, ಹುಲಿಕಲ್ ಕಡೆ ಮಳೆಗೆ ಒಂದೇ ವರ್ಷಕ್ಕೆ ಪಿನ್ ತುಕ್ಕು ಹಿಡಿದು ನಡುಹಾಳೆ ಕೆಂಪಾಗುತ್ತೆ.

ಕಾಗದದ ನಾರು ಪುಸ್ತಕದ ಬೆನ್ನಿಗೆ ಸಮಾನಾಂತರ ಇರ್ಬೇಕು. ಅಡ್ಡ ನಾರಾದ್ರೆ ಮಳೆಗಾಲದ ತೇವಕ್ಕೆ ಹಾಳೆ ಉದ್ದುದ್ದಕ್ಕೆ ಉಬ್ಬಿ ಬೆನ್ನಿನ ಹತ್ರ ಅಲೆ ಅಲೆಯಾಗುತ್ತೆ. ಪರೀಕ್ಷೆ ಸುಲಭ. ಒಂದು ಚೌಕ ಚೂರು ಕತ್ತರಿಸಿ, ಹಾಳೆಯ ಮೇಲ್ಭಾಗ ಯಾವುದು ಅಂತ ಪೆನ್ಸಿಲ್‌ನಲ್ಲಿ ಗುರುತು ಹಾಕಿ, ಒಂದೇ ಮುಖಕ್ಕೆ ನೀರು ಸವರಿ. ಚೂರು ಕೊಳವೆಯಂತೆ ಸುರುಳಿಯಾಗುತ್ತೆ, ಆ ಕೊಳವೆ ಮಲಗಿದ ದಿಕ್ಕೇ ನಾರಿನ ದಿಕ್ಕು. ಭದ್ರಾವತಿ ಎಂಪಿಎಂ ಕಾಗದ ಕಾರ್ಖಾನೆ ನಡೀತಿದ್ದಾಗ ಕಾಗದದ ವಿಷಯ ಬಲ್ಲವರು ಜಿಲ್ಲೆಯಲ್ಲೇ ಸಿಗ್ತಿದ್ರು. ಈಗ ಕಟ್ಟಿನ ಮೇಲಿನ ಲೇಬಲ್ ನಾವೇ ಓದಿ ತಿಳ್ಕೋಬೇಕು.

ಒಳಪುಟಕ್ಕೆ 70 ಜಿಎಸ್‌ಎಂ ಮ್ಯಾಪ್‌ಲಿಥೋ ಕಾಗದ (ಅಂದ್ರೆ ಚದರ ಮೀಟರಿಗೆ 70 ಗ್ರಾಂ ತೂಗೋದು) ಸಾಕು, ಅದಕ್ಕಿಂತ ತೆಳ್ಳಗಾದ್ರೆ ಹಿಂದಿನ ಪುಟದ ಕೋಷ್ಟಕ ಈಚೆ ಕಾಣುತ್ತೆ. ಕವರಿಗೆ 300 ಜಿಎಸ್‌ಎಂ ಹಾಕಿ ಹೊರಮುಖಕ್ಕೆ ಮಾತ್ರ ಲ್ಯಾಮಿನೇಶನ್ ಮಾಡ್ಸಿದ್ರೆ ಒಳಮುಖ ತೇವ ಹೀರಿ ಹಿಗ್ಗುತ್ತೆ, ಕವರ್ ಹೊರಕ್ಕೆ ಬಾಗುತ್ತೆ. ಕವರಿನ ನಾರೂ ಬೆನ್ನಿನ ದಿಕ್ಕಿಗೇ ಇದ್ದು, ಕವರಿಗೆ ಒಳಮಡಿಕೆ ಕೊಟ್ರೆ ಬಾಗು ಬಹಳ ಕಮ್ಮಿ. ಬಣ್ಣದ ಭಾಗಕ್ಕೆ ಆರ್ಟ್ ಪೇಪರ್ ಅಂದ್ರೆ ಒಂದು ಎಚ್ಚರ: ಅದರ ಲೇಪ ನೆನೆದ್ರೆ ಹಾಳೆ ಹಾಳೆ ಅಂಟಿಕೊಂಡು ಬಿಡಿಸೋಕೆ ಬರಲ್ಲ. ಸಿಂಪಡಣೆ ದಿನ ಒದ್ದೆ ಕೈಯಲ್ಲಿ ಪುಸ್ತಕ ತೆರೀತಾರೆ. ಬೋರ್ಡೋ ಅಳತೆಯನ್ನ ಒಂದು ಕಾರ್ಡಿನಲ್ಲಿ ಬೇರೆಯಾಗಿ ಅಚ್ಚು ಮಾಡಿಸಿ, ಎರಡೂ ಕಡೆ ಲ್ಯಾಮಿನೇಟ್ ಮಾಡ್ಸಿ, ಮೂಲೆಗೆ ತೂತು ಹಾಕಿ ಕೊಡಿ. ಕೊಟ್ಟಿಗೆಯಲ್ಲಿ ಡ್ರಮ್ಮಿನ ಪಕ್ಕ ನೇತು ಹಾಕ್ಕೊಳ್ಳಲಿ. ನಮ್ಮಲ್ಲಿ ಡ್ರಮ್ 200 ಲೀಟರಿಂದು, ಹಾಗಾಗಿ ಕಾರ್ಡಿನಲ್ಲಿ 100 ಲೀಟರ್ ಮತ್ತು 200 ಲೀಟರ್ ಎರಡಕ್ಕೂ ಲೆಕ್ಕ ಕೊಡಿ.

ಅಚ್ಚಿಗೆ ಮುಂಚೆ ಅದೇ ಕಾಗದ, ಅದೇ ಹೊಲಿಗೆ, ಅದೇ ಕವರಿನ ಒಂದು ಖಾಲಿ ಡಮ್ಮಿ ಮಾಡಿಸ್ಕೊಳ್ಳಿ. ನಡುವೆ ಪೂರ್ತಿ ತೆರೆದು ಒತ್ತಿ, ಒಂದು ಹಾಳೆ ಹಿಡಿದು ಎಳೀರಿ. ಕಾಗದ ಹರಿದರೂ ಪರವಾಗಿಲ್ಲ, ಹಾಳೆ ಬುಡದಿಂದ ಕಿತ್ತು ಬರಬಾರದು.

ಉತ್ತರ 4: ಕರಡು ತಿದ್ದುವವರು (ಹೊಸನಗರ)

ಪ್ರೆಸ್ಸಿನವರನ್ನೇ ದೂರುವುದರಲ್ಲಿ ಅರ್ಥವಿಲ್ಲ. ಅಚ್ಚುಮೊಳೆ ಜೋಡಿಸುವ ಕಾಲದಲ್ಲಿ ಒಂದು ಸಾಲು ತಿದ್ದಬೇಕೆಂದರೆ ಆ ಸಾಲು ಬಿಚ್ಚಿ ಮತ್ತೆ ಕಟ್ಟಬೇಕಿತ್ತು. ಆ ಖರ್ಚಿಗೆ ಹೆದರಿಯೇ ಹಸ್ತಪ್ರತಿಯನ್ನು ಮೊದಲೇ ಗಟ್ಟಿ ಮಾಡಿ ಕೊಡುತ್ತಿದ್ದರು, ಕರಡುಗಳನ್ನು ಕ್ರಮವಾಗಿ ನೋಡುತ್ತಿದ್ದರು. ಈಗ ತಿದ್ದುವುದು ಪುಕ್ಕಟೆ. ಹಾಗಾಗಿ ಎಲ್ಲರೂ ಕೊನೆಗೆ ನೋಡೋಣ ಎನ್ನುತ್ತಾರೆ, ಕೊನೆಗೆ ನೋಡುವವರು ಯಾರೂ ಉಳಿದಿರುವುದಿಲ್ಲ. ದುಡ್ಡಿನ ಕಾರಣವೂ ಇದೆ. ಪುಸ್ತಕದ ಖರ್ಚು ಬರೆಯುವಾಗ ಕಾಗದ, ಪ್ಲೇಟು, ಅಚ್ಚು, ಬೈಂಡಿಂಗ್ ಎಲ್ಲಕ್ಕೂ ಒಂದೊಂದು ಸಾಲು ಇರುತ್ತದೆ. ವಿಷಯ ಪರಿಶೀಲನೆಗೆ ಸಾಲೇ ಇರುವುದಿಲ್ಲ. ಗ್ರಂಥಾಲಯ ಖರೀದಿಯಲ್ಲಿ ಬೆಲೆಯನ್ನು ಪುಟದ ಲೆಕ್ಕದಲ್ಲಿ ಅಳೆಯುವಾಗ ತಪ್ಪಿಲ್ಲದ ಪುಟಕ್ಕೂ ತಪ್ಪಿರುವ ಪುಟಕ್ಕೂ ಒಂದೇ ದರ. ನಿಮ್ಮ ಲೆಕ್ಕದಲ್ಲಿ ಆ ಸಾಲು ಸೇರಿಸಿ, ಪರಿಶೀಲಿಸುವವರಿಗೆ ಗೌರವಧನ ಕೊಡಿ, ಅವರ ಹೆಸರನ್ನು ಮುದ್ರಣ ವಿವರದ ಪುಟದಲ್ಲಿ ಹಾಕಿ. ಹೆಸರು ಅಚ್ಚಾಗುತ್ತದೆ ಎಂದರೆ ನೋಡುವ ಕಣ್ಣೇ ಬೇರೆ.

ಕರಡಿನ ಕ್ರಮ ಹೀಗಿರಲಿ. ಮೊದಲ ಕರಡನ್ನು ಇಬ್ಬರು ಕೂತು ನೋಡಬೇಕು. ಒಬ್ಬರು ಹಸ್ತಪ್ರತಿಯನ್ನು ಗಟ್ಟಿಯಾಗಿ ಓದುವುದು, ಇನ್ನೊಬ್ಬರು ಕರಡಿನ ಮೇಲೆ ಬೆರಳಿಟ್ಟು ಹೋಗುವುದು. ಅಂಕಿಗಳನ್ನು ಬಿಡಿಸಿ ಓದಿ: 'ಎರಡು ಬಿಂದು ಐದು ಮಿಲಿ ಲೀಟರ್'. ಕನ್ನಡದಲ್ಲಿ 'ಲೀ' ಮತ್ತು 'ಮೀ' ಸಣ್ಣ ಅಕ್ಷರದಲ್ಲಿ ಕಣ್ಣು ತಪ್ಪಿಸುತ್ತವೆ, 'ಮಿ.ಲೀ.' ಇದ್ದದ್ದು 'ಮಿ.ಮೀ.' ಆಗಿ ಉಳಿದದ್ದು ಒಬ್ಬರೇ ಮೌನವಾಗಿ ಓದುವಾಗ ಸಿಗುವುದೇ ಇಲ್ಲ, ಮನಸ್ಸು ಸರಿಪಡಿಸಿಕೊಂಡೇ ಓದುತ್ತದೆ. ಎರಡನೇ ಕರಡು ಲೇಖಕರಿಗೂ ವಿಷಯ ಬಲ್ಲವರಿಗೂ ಹೋಗಬೇಕು. ಅಲ್ಲಿಗೆ ಪುಟಗಳು ಬಂದ್. ಆಮೇಲೆ ತಿದ್ದುವುದಿದ್ದರೆ ಸಾಲುಗಳ ಸಂಖ್ಯೆ ಬದಲಾಗದಂತೆ ತಿದ್ದಬೇಕು. ಒಂದು ಸಾಲು ಹೆಚ್ಚಾದರೆ ಕೋಷ್ಟಕ ಮುಂದಿನ ಪುಟಕ್ಕೆ ಜಾರುತ್ತದೆ, 'ಪುಟ 47 ನೋಡಿ' ಎಂಬ ಸೂಚನೆಗಳೆಲ್ಲ ಸುಳ್ಳಾಗುತ್ತವೆ. ತಿದ್ದಿದ ಮೇಲೆ ಹಿಂದಿನ ಪಿಡಿಎಫ್ ಮತ್ತು ಹೊಸ ಪಿಡಿಎಫ್ ಎರಡನ್ನೂ ಹೋಲಿಸಿ ನೋಡಿ. ಕೇಳಿದ ತಿದ್ದುಪಡಿ ಆಗಿದೆಯೇ ಎಂಬುದಕ್ಕಿಂತ ಕೇಳದೇ ಇದ್ದದ್ದು ಏನು ಬದಲಾಗಿದೆ ಎಂಬುದೇ ಮುಖ್ಯ.

ಪದಸೂಚಿ ಬಿಡಬೇಡಿ. ಪುಟ 164ಕ್ಕೆ ಹೋಯಿತು, 160ಕ್ಕೆ ಇಳಿಸಿದರೆ ಹತ್ತು ಫಾರಂನಲ್ಲಿ ಮುಗಿಯುತ್ತದೆ ಎಂದಾಗ ಮೊದಲು ಕತ್ತರಿ ಬೀಳುವುದು ಪದಸೂಚಿಗೆ. ಕೈಪಿಡಿಯನ್ನು ಯಾರೂ ಮೊದಲಿನಿಂದ ಓದುವುದಿಲ್ಲ, ಬೇಕಾದ್ದನ್ನು ಹುಡುಕುತ್ತಾರೆ. ನಾಲ್ಕು ಪುಟ ಮೊದಲೇ ತೆಗೆದಿರಿಸಿ. ಪುಟ ಬಂದ್ ಆದ ಮೇಲೆ ತಯಾರಿಸಿ, ಒಂದೇ ರೋಗದ ಬೇರೆ ಬೇರೆ ಹೆಸರುಗಳನ್ನೂ ಸೇರಿಸಿ: ಕೊಳೆರೋಗ ಎಂದು ಹುಡುಕಿದರೂ ಮಹಾಳಿ ಎಂದು ಹುಡುಕಿದರೂ ಒಂದೇ ಪುಟ ಸಿಗಬೇಕು. ಅಣಬೆ ರೋಗ, ಹಿಡಿಮುಂಡಿಗೆ, ಸುಳಿ ಕೊಳೆ, ಹಿಂಗಾರ ಒಣಗುವುದು, ಬೇರುಹುಳು ಇವಕ್ಕೆ ಲಕ್ಷಣದ ಮೂಲಕವೂ ದಾರಿ ಇರಲಿ.

ತೋಟದಬಾಗಿಲು (ತೀರ್ಥಹಳ್ಳಿ)

ಎಲ್ಲರಿಗೂ ಧನ್ಯವಾದ. ಇಷ್ಟು ಬಿಡಿಸಿ ಬರೆದಿದ್ದಕ್ಕೆ ಋಣಿ. ಇನ್ನೆರಡು ಪ್ರಶ್ನೆ. ನಮ್ಮ ಊರಿನ ಪ್ರೆಸ್ಸಿನಲ್ಲಿ ಯೂನಿಕೋಡ್ ವ್ಯವಸ್ಥೆ ಇಲ್ಲ, ಆದರೆ ಅಚ್ಚು ಚೆನ್ನಾಗಿ ಮಾಡ್ತಾರೆ, ಅವರನ್ನ ಬಿಡೋಕೆ ಮನಸಿಲ್ಲ. ಇಷ್ಟೆಲ್ಲಾ ನೋಡಿದ ಮೇಲೂ ಅಚ್ಚಾದ ಪುಸ್ತಕದಲ್ಲಿ ತಪ್ಪು ಸಿಕ್ಕಿದ್ರೆ ಏನು ಮಾಡೋದು?

ಅಕ್ಷರಜೋಡಣೆ (ಶಿವಮೊಗ್ಗ)

ಬಿಡೋದು ಬೇಡ. ಪುಟ ಕಟ್ಟೋದನ್ನ ಬೇರೆ ಕಡೆ ಮಾಡಿಸಿ, ಫಾಂಟ್ ಎಂಬೆಡ್ ಆದ ಪಿಡಿಎಫ್ ಮಾತ್ರ ಅವರಿಗೆ ಕೊಡಿ. ಪುಟದ ಸುತ್ತ 3 ಮಿ.ಮೀ. ಬ್ಲೀಡ್ (ಕತ್ತರಿಸುವಾಗ ಹೋಗೋ ಹೆಚ್ಚುವರಿ ಅಂಚು) ಇರಲಿ. 'ಈ ಫೈಲನ್ನು ತೆರೆದು ತಿದ್ದಬೇಡಿ, ತಪ್ಪು ಕಂಡರೆ ಫೋನ್ ಮಾಡಿ' ಅಂತ ಬರೆದು ಕೊಡಿ. ಪ್ಲೇಟ್ ಆದ ಮೇಲೆ ಮೊದಲ ಫಾರಂ ಮಿಷನ್ನಿನಿಂದ ಬಂದಾಗ ನಿಮ್ಮವರೊಬ್ಬರು ಅಲ್ಲೇ ಇದ್ದು, ಮಡಚಿ ಪುಟದ ಕ್ರಮ ನೋಡಿ, ಸಹಿ ಹಾಕಿ. ಸಮಯದ ಲೆಕ್ಕ: ಜನವರಿ ಕೊನೆಗೆ ಹಸ್ತಪ್ರತಿ ಬಂದ್, ಫೆಬ್ರವರಿ ವಿಷಯ ಪರಿಶೀಲನೆಗೆ, ಮಾರ್ಚ್ ಪುಟ ಮತ್ತು ಎರಡು ಕರಡಿಗೆ, ಏಪ್ರಿಲ್‌ನಲ್ಲಿ ಅಚ್ಚು ಮತ್ತು ಹೊಲಿಗೆ. ಮೇ ಮಧ್ಯದೊಳಗೆ ಹಂಚಿಬಿಡಿ, ಮೊದಲ ಸಿಂಪಡಣೆ ಮಳೆ ಹಿಡಿಯೋ ಮುಂಚೆ ಆಗಬೇಕಲ್ಲ. ಉಳಿದ ಕಟ್ಟುಗಳನ್ನ ಗೋಡೆಗೆ ತಾಗಿಸದೆ ಮರದ ಹಲಗೆ ಮೇಲೆ ಇಡಿ.

ಕರಡು ತಿದ್ದುವವರು (ಹೊಸನಗರ)

ತಪ್ಪು ಸಿಕ್ಕೇ ಸಿಗುತ್ತದೆ, ಅದನ್ನು ಹೇಳುವ ದಾರಿಯನ್ನು ಪುಸ್ತಕದಲ್ಲೇ ಇಡಿ. ಕಂಪ್ಯೂಟರ್ ವಿಜ್ಞಾನಿ ಡೊನಾಲ್ಡ್ ಕ್ನುತ್ ತಮ್ಮ ಪುಸ್ತಕದಲ್ಲಿ ಹೊಸ ತಪ್ಪು ಮೊದಲು ತೋರಿಸಿದವರಿಗೆ 2.56 ಡಾಲರ್ ಕೊಡುತ್ತೇನೆಂದು ಸಾರಿದವರು. 1977ರಲ್ಲಿ ತಮ್ಮದೇ ಗ್ರಂಥದ ಹೊಸ ಆವೃತ್ತಿಯ ಕರಡಿನಲ್ಲಿ ಅಕ್ಷರಗಳ ಅಂದ ಕೆಟ್ಟದ್ದನ್ನು ಕಂಡು, ಪುಟ ಜೋಡಿಸುವ ಟೆಕ್ ತಂತ್ರಾಂಶವನ್ನೇ ಬರೆಯಲು ಕೂತವರೂ ಅವರೇ. ನಿಮಗೆ ಬಹುಮಾನ ಕೊಡಲು ಆಗದಿದ್ದರೆ ಬೇಡ, ತಪ್ಪು ತಿಳಿಸಲು ಒಂದು ಫೋನ್ ನಂಬರ್ ಸಾಕು.

ಪ್ರಮಾಣದಲ್ಲಿ ತಪ್ಪು ಕಂಡರೆ ಕಾಯಬೇಡಿ, ಅದೇ ವಾರ ಒಪ್ಪೋಲೆ (ತಪ್ಪು ಒಪ್ಪು ತಿಳಿಸುವ ಚೀಟಿ) ಅಚ್ಚು ಹಾಕಿಸಿ. ಸಡಿಲ ಚೀಟಿ ಉದುರಿ ಹೋಗುತ್ತದೆ. ಹಿಂದೆ ಅಂಟಿರುವ ಕಾಗದದಲ್ಲಿ, ತಪ್ಪಾದ ಸಾಲಿನ ಅಗಲಕ್ಕೇ ಕತ್ತರಿಸಿ, ಉಳಿದ ಪ್ರತಿಗಳಲ್ಲಿ ತಪ್ಪಿನ ಮೇಲೆಯೇ ಅಂಟಿಸಿ. ಮಾರಿದ ಪ್ರತಿಗಳಿಗಾಗಿ, ಕೊಂಡವರ ಹೆಸರು ಮತ್ತು ಊರಿನ ಪಟ್ಟಿಯನ್ನು ಮೊದಲ ದಿನದಿಂದಲೇ ಬರೆದಿಡಿ. ಸಹಕಾರ ಸಂಘದ ಮೂಲಕ ಹಂಚಿದರೆ ಅವರ ರಿಜಿಸ್ಟರಿನಲ್ಲೇ ಇರುತ್ತದೆ. ಮುಂದಿನ ಮುದ್ರಣದಲ್ಲಿ ಯಾವ ಪುಟದಲ್ಲಿ ಏನು ಬದಲಾಯಿತು ಎಂದು ಮೊದಲ ಪುಟಗಳಲ್ಲೇ ಪಟ್ಟಿ ಕೊಡಿ. ಪಠ್ಯ ಗಣನೀಯವಾಗಿ ಬದಲಾದರೆ ಅದು ಹೊಸ ಆವೃತ್ತಿ, ಹೊಸ ಐಎಸ್‌ಬಿಎನ್ ಬೇಕು. ರಾಜಾ ರಾಮಮೋಹನ ರಾಯ್ ಸಂಸ್ಥೆಯಿಂದ ಅದು ಉಚಿತವಾಗಿ ಸಿಗುತ್ತದೆ, ಅರ್ಜಿಯನ್ನು ಪುಟ ಕಟ್ಟಲು ಶುರುಮಾಡಿದಾಗಲೇ ಹಾಕಿ.